ನೆಂಟರಿಗೆ ಮಾರಲಾಗದ ಗಾಡಿ

ಹೊಸಪೇಟೆ ನಿಲ್ದಾಣದಲ್ಲಿ ಕಂಪ್ಲಿ ಬಸ್ಸಿಗೆ ಕಾದು ಕುಳಿತಿದ್ದ ವೃದ್ಧ ಹಂಪಯ್ಯನವರ ಕಿವಿ, ಅವರ ಅಪ್ಪಣೆಗೂ ಕಾಯದೆ, ಪಕ್ಕದ ಬೆಂಚಿನತ್ತ ಹೊರಳಿತು. ಅಲ್ಲಿ ಯುವತಿಯೊಬ್ಬಳು ತನ್ನ ಸೋದರಮಾವನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಗದ್ದಿ ಕೆಸರಾಗ ಓಡ್ಸಾಕ ನಾಕು ಗಾಲಿ ಬೈಕು ತಗಂಡಿ, ಭೇಷ್. ನನ್ನ ಶೋರೂಮ್ ಬಿಟ್ಟು ಎದುರಿನ ಮಂಜಣ್ಣನ ಹತ್ರ ಯಾಕ ಹೋದಿ ಮಾಮ?”

“ಅಕ್ಕನ ಮಗಳ ಹತ್ರ ಚೌಕಾಸಿ ಹೆಂಗ ಮಾಡ್ಲೆವ್ವಾ? ಬಾಯಿ ಬರಂಗಿಲ್ಲ. ಅಲ್ಲಿ ಅರ್ಧ ದಿನ ಜಗಳಾಡಿ ತಗಂಡೆ. ಮಸ್ತ್ ಆತು!”

“ಮೊದಲು ಹಂಪಿ ಕಡೆ ರೆಸಾರ್ಟಿನವರಷ್ಟೇ ಒಯ್ತಿದ್ರು. ಈಗ ರೈತರು ಕೊಳ್ಳಾಕ ಹತ್ಯಾರಂತ ಎಮ್ಮಿಗನೂರಿನ ನಮ್ಮ ಮಂದಿನೇ ನಂಬಿದ್ದೆ. ಈ ತಿಂಗಳೂ ಮಾರಾಟ ಆಗ್ಲಿಲ್ಲಂದ್ರ ಕಂಪನಿಯವರು ಏಜೆನ್ಸಿ ಕಿತ್ಕಂತಾರ.”

“ನಮ್ಮ ಮಂದಿ ಬರಂಗಿಲ್ಲ ಬಿಡು. ಎಲ್ಲಾರಿಗೂ ನನ್ನಂಗ ನಾಚಿಕಿ.”



“ಹಂಗಾದ್ರ ಮಂಜಣ್ಣನ ನೆಂಟರು ಯಾರ ಹತ್ರ ತಗಂತಾರ?”

“ಅವರಿನ್ನೂ ತಗಂಡಿಲ್ಲ. ಪಾಪ, ಅವನ ಮುಂದ ಅವರಿಗೂ ಬಾಯಿ ಬರಬೇಕಲ್ಲ!”

“ಅವನ ಹೆಂಡ್ತಿ ತವರು ಯಾವೂರು?”

“ಬಂಡ್ರಿ. ಊರು ತುಂಬ ಅವನ ಬೀಗರೇ. ಯಾಕ?”

ಅಷ್ಟರಲ್ಲಿ ಕಂಪ್ಲಿ ಬಸ್ಸು ಬಂದು ನಿಂತಿತು. ಮಾವ ಚೀಲವನ್ನೆತ್ತಿಕೊಂಡು ಏರಿದ.

“ಜಲ್ದಿ ಬಾರವ್ವಾ! ಊರಾಗ ಮನಿಮನಿಗೆ ಹೋಗಿ ಕೇಳ್ತೀನಿ ಅಂದಿದ್ದಿಯಲ್ಲ?”

“ನೀನು ನಡಿ ಮಾಮ. ಅತ್ತೆಗೆ ಕೇಳಿದೆ ಅಂತ ಹೇಳು.”

ಹಂಪಯ್ಯನವರು ತಮ್ಮ ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತು ಹಿಂದಿರುಗಿ ನೋಡಿದರು. ಪಕ್ಕದಲ್ಲಿ ಹೊರಟಿದ್ದ ಸಂಡೂರು ಬಸ್ಸಿನ ಕಿಟಕಿಯಿಂದ ಆಕೆಯ ದನಿ ಕೇಳಿಬಂತು:

“ಬಂಡ್ರಿಗೆ ಒಂದು ಕೊಡ್ರಿ.”