ಗಂಟು ಬಿಚ್ಚುವ ತೋಳ

ಹೂಂ ಅನ್ನುವವರು ಮುಂದೆ ಬಂದು ಕೂತುಕೊಳ್ಳಿ. ನಿದ್ದೆ ಬರುವವರು ಗೋಡೆಗೆ ಒರಗಿಕೊಳ್ಳಿ. ನಡುವೆ ಎದ್ದು ಹೋಗುವವರು ಈಗಲೇ ಹೋಗಿಬಿಡಿ. ಈ ಕಥೆಯ ನಡುವೆ ಹೊರಗೆ ಹೋದವರಿಗೆ ಮತ್ತೆ ಒಳಗೆ ಬರುವ ದಾರಿ ಸಿಗುವುದಿಲ್ಲ. ನನಗೇ ಒಮ್ಮೊಮ್ಮೆ ಸಿಗುವುದಿಲ್ಲ.

ಒಂದು ನಾಡು. ಯಾವ ನಾಡು ಅಂತ ಕೇಳಬೇಡಿ, ಕೇಳಿದಷ್ಟೂ ಅದು ದೂರ ಹೋಗುತ್ತದೆ. ಅಲ್ಲಿ ಮರಕ್ಕಿಂತ ಹುಲ್ಲು ಹೆಚ್ಚು, ಮಂದಿಗಿಂತ ಕುರಿ ಹೆಚ್ಚು. ಆ ನಾಡಿನಲ್ಲಿ ಒಂದು ಕುರುಬರ ಊರು. ಊರಾಚೆ ಒಂದು ದಿನ್ನೆ, ದಿನ್ನೆಯ ಮೇಲೆ ಒಂದು ಬನ್ನಿ ಮರ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಕುರಿ ಈಯುವ ಕಾಲ ಮುಗಿದ ಮೇಲೆ ಸರದಿಯ ಮನೆಯವರು ಒಂದು ಮರಿ ಆರಿಸುತ್ತಿದ್ದರು. ಹೊತ್ತು ಇಳಿಯುವಾಗ ಊರೆಲ್ಲ ದಿನ್ನೆಗೆ ಹೋಗಿ ಆ ಮರಿಯನ್ನು ಬನ್ನಿ ಮರಕ್ಕೆ ಕಟ್ಟುತ್ತಿತ್ತು. ‘ತೋಳಪ್ಪಾ, ನಿನ್ನ ಪಾಲು ನಿನಗೆ, ನಮ್ಮ ಪಾಲು ನಮಗೆ’ ಅನ್ನುತ್ತಿದ್ದರು. ಆಮೇಲೆ ಎಲ್ಲರೂ ಬೆನ್ನು ತಿರುಗಿಸಿ ನಡೆಯುತ್ತಿದ್ದರು. ಹಿಂದಿರುಗಿ ನೋಡಬಾರದು. ನೋಡಿದವರ ಹಿಂಡನ್ನು ತೋಳ ನೋಡುತ್ತದೆ. ಕೊಟ್ಟದ್ದನ್ನು ನೆನೆಯಲೂ ಬಾರದು. ನೆನೆದರೆ ಕೊಟ್ಟ ಹಾಗಾಗುವುದಿಲ್ಲ.

ಮರುದಿನ ಬಂದು ನೋಡಿದರೆ ಮರಿ ಇರುತ್ತಿರಲಿಲ್ಲ. ಹಗ್ಗ ಮಾತ್ರ ಇರುತ್ತಿತ್ತು. ಹೇಗಿರುತ್ತಿತ್ತು? ಕೇಳಿ. ಗಂಟು ಬಿಚ್ಚಿ, ಸುರುಳಿ ಸುತ್ತಿ, ಚೆಂದವಾಗಿ ಕೊಂಬೆಗೆ ತಗಲಿಸಿರುತ್ತಿತ್ತು.

ನಗಬೇಡಿ. ನೀವೂ ಆ ಊರಿನಲ್ಲಿ ಹುಟ್ಟಿದ್ದರೆ ನಗುತ್ತಿರಲಿಲ್ಲ. ಬೇರೆ ಊರಿನ ತೋಳಗಳು ಕದಿಯುತ್ತವೆ, ನಮ್ಮೂರಿನದು ಮರ್ಯಾದೆಯಿಂದ ಒಯ್ಯುತ್ತದೆ ಅಂತ ಆ ಊರವರು ಬೀಗರ ಮುಂದೆ ಹೇಳಿಕೊಳ್ಳುತ್ತಿದ್ದರು.

ಈಗ ನಿಮಗೊಂದು ಗುಟ್ಟು. ಆ ಊರಿನಲ್ಲಿ ತೋಳ ಇರಲಿಲ್ಲ. ಆ ಸೀಮೆಯಲ್ಲೇ ಇರಲಿಲ್ಲ. ಕೊನೆಯ ತೋಳ ಸತ್ತು ಎಷ್ಟೋ ಕಾಲವಾಗಿತ್ತು. ಹಾಗಾದರೆ ಗಂಟು ಬಿಚ್ಚಿದವರು ಯಾರು?

ಮಾಳವ್ವ.

ಮಾಳವ್ವ ತಬ್ಬಲಿ ಹುಡುಗಿ. ಊರವರ ಹಟ್ಟಿ ಗುಡಿಸಿ, ಹಿಕ್ಕೆ ಹೊತ್ತು, ಕೊಟ್ಟ ರೊಟ್ಟಿ ತಿನ್ನುತ್ತಿದ್ದಳು. ಒಂದು ವರ್ಷ ಎಲ್ಲರ ಜೊತೆ ದಿನ್ನೆಗೆ ಹೋದಳು. ಮರಿ ಕಟ್ಟಿದರು, ಬೆನ್ನು ತಿರುಗಿಸಿದರು, ನಡೆದರು. ಹಿಂದಿನಿಂದ ಮರಿ ಕೂಗಿತು. ಯಾರೂ ನೋಡಲಿಲ್ಲ. ಮತ್ತೆ ಕೂಗಿತು. ಯಾರೂ ನೋಡಲಿಲ್ಲ. ಮೂರನೆಯ ಸಲ ಕೂಗಿದಾಗ ಮಾಳವ್ವ ತಿರುಗಿ ನೋಡಿದಳು. ಹಿಂಡೇ ಇಲ್ಲದವಳ ಯಾವ ಹಿಂಡನ್ನು ತೋಳ ನೋಡೀತು? ಮಂದಿ ಮುಂದೆ ಹೋದರು. ಅವಳು ಕಲ್ಲಿನ ಮರೆಯಲ್ಲಿ ಕೂತಳು. ಕತ್ತಲಾಗುತ್ತ ಬಂದರೂ ಏನೂ ಬರಲಿಲ್ಲ. ಮರಿ ಕೂಗಿ ಕೂಗಿ ಅದರ ದನಿ ಬಿತ್ತು. ಆಗ ಎದ್ದು ಗಂಟು ಬಿಚ್ಚಿದಳು. ಹಗ್ಗ ಹಾಳಾಗಬಾರದು ಅಂತ ಸುತ್ತಿ ಕೊಂಬೆಗೆ ಹಾಕಿದಳು.

ಮರುವರ್ಷವೂ ಹಾಗೆಯೇ. ಅದರ ಮರುವರ್ಷವೂ ಹಾಗೆಯೇ. ಮರಿ ಕುರಿಯಾಯಿತು, ಕುರಿ ಈಯಿತು, ದಿನ್ನೆಯಾಚೆ ಅವಳದೇ ಹಟ್ಟಿ ಎದ್ದಿತು. ಊರು ಏನೆಂದಿತು? ದುಡಿಯುವ ಹೆಣ್ಣು, ಕೈಗುಣ ಚೆನ್ನಾಗಿದೆ ಅಂದಿತು. ಅದೂ ಸುಳ್ಳಲ್ಲ. ಮಳೆಗಾಲದಲ್ಲಿ ಮರಿಗಳನ್ನು ಕಂಬಳಿಯೊಳಗೆ ಹಾಕಿಕೊಂಡು ತಾನು ನೆನೆದವಳು ಅವಳೇ. ಗಂಡನಿಲ್ಲ, ಅಣ್ಣನಿಲ್ಲ, ಯಾರ ಮುಂದೂ ಕೈ ಚಾಚಲಿಲ್ಲ. ತಲೆ ನರೆಯುವ ಹೊತ್ತಿಗೆ ಊರಿನಲ್ಲಿ ಅವಳದೇ ದೊಡ್ಡ ಹಿಂಡು, ಅವಳ ಮಾತಿಗೇ ದೊಡ್ಡ ತೂಕ.

ಹೀಗಿರುವಾಗ ಅರಸನ ಕಡೆಯಿಂದ ಒಬ್ಬ ಬಂದ. ಕಟ್ಟೆಯ ಮೇಲೆ ಕೂತು ಸಂಗತಿ ಹೇಳಿದ. ನಾಡಿನಲ್ಲಿ ತೋಳ ಇಲ್ಲವಾಗಿದೆ, ಹಂದಿ ಚಿಗರಿಗಳು ಮಿತಿಮೀರಿ ಬೆಳೆ ತಿನ್ನುತ್ತಿವೆ, ಹುಲ್ಲು ಬೇರಿನ ತನಕ ಹೋಗಿದೆ. ಹೊಳೆಯಾಚೆಯ ಸೀಮೆಯಿಂದ ಒಂದು ಜೋಡಿ ತೋಳ ತರಿಸಿ ಇಲ್ಲಿ ಬಿಡಬೇಕೆಂದು ಅರಸರ ಮನಸ್ಸು. ಆದರೆ ಊರು ಒಪ್ಪದೆ ಬಿಡುವುದಿಲ್ಲ.

“ಬೇಕೋ, ಬೇಡವೋ?” ಅಂದ.

ಊರಗೌಡ ಮೀಸೆ ನೀವಿಕೊಂಡ. “ಇರೋದನ್ನ ಮತ್ತ ಯಾಕ ತರ್ತೀರಿ? ನಮ್ಮ ತೋಳಪ್ಪ ವರ್ಷಾ ಬಂದು ಪಾಲು ಒಯ್ತಾನ.”

“ಕಂಡೀರೇನು?”

“ಹಗ್ಗ ಕಂಡೀವಿ.”

“ಹರಿದಿತ್ತೇನು?”

“ಹರಿಯೋದು ಯಾಕ? ಬಿಚ್ಚಿ, ಸುತ್ತಿ, ಕೊಂಬಿಗೆ ಹಾಕಿ ಹೋಗ್ತಾನ. ಮರ್ಯಾದಸ್ಥ.”

ಅರಸನ ಕಡೆಯವನು ಗೌಡನ ಮುಖ ನೋಡಿದ. ಊರವರ ಮುಖ ನೋಡಿದ. ಯಾರೂ ನಗುತ್ತಿರಲಿಲ್ಲ. ಒಂದು ತಂಬಿಗೆ ನೀರು ಕೇಳಿ ಕುಡಿದ.

ಹಾಲಪ್ಪಜ್ಜ ಅಂತ ಒಬ್ಬ ಹಣ್ಣು ಮುದುಕ ಮೂಲೆಯಲ್ಲಿ ಕೂತಿದ್ದ. ತನ್ನ ಅಜ್ಜನ ಕಾಲದಲ್ಲಿ ಹಗ್ಗ ಹರಿದಿರುತ್ತಿತ್ತು, ದಿನ್ನೆಯ ತುಂಬ ತುಪ್ಪಳ ಹಾರುತ್ತಿತ್ತು ಅಂದ. ಅಜ್ಜನಿಗೆ ಅರಳುಮರಳು ಅಂತ ಊರವರು ಅವನ ಕೈಗೆ ಎಲೆ ಅಡಿಕೆ ಕೊಟ್ಟು ಸುಮ್ಮನಾಗಿಸಿದರು.

ಅರಸನ ಕಡೆಯವನು ಎರಡನೆಯ ಸಲ ಕೇಳಿದ. ಬೇಕೋ, ಬೇಡವೋ?

ಆಗ ಶುರುವಾಯಿತು ನೋಡಿ. ತೋಳ ಅಂದರೆ ನಾಯಿಯ ಹಾಗೆ ಅಂದ ಒಬ್ಬ. ಇಲ್ಲ, ಮೈಮೇಲೆ ಪಟ್ಟೆ ಇರುತ್ತದೆ ಅಂದ ಇನ್ನೊಬ್ಬ. ತನ್ನ ಅತ್ತೆ ಹೇಳುವ ಹಾಡಿನಲ್ಲಿ ಅದಕ್ಕೆ ಜಡೆ ಇದೆ ಅಂದಳು ಒಬ್ಬಳು. ಕಂಡವನಿಗೆ ಒಂದು ಮಾತು, ಕೇಳಿದವನಿಗೆ ನೂರು ಮಾತು. ಅಲ್ಲಿ ಕಂಡವರೇ ಇರಲಿಲ್ಲ. ಜಕ್ಕಪ್ಪ ಅಂತ ಒಬ್ಬ ಹರಕುಬಾಯಿಯವನು ಇದ್ದ. ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ಹಂದಿ ಉತ್ತ ಜೋಳ ನೋಡಿ, ತೋಳ ಬೇಕೇ ಬೇಕು ಅಂದ. ಸಂಜೆ ಹಟ್ಟಿಗೆ ಬಂದು ಎಳೆಮರಿಗಳನ್ನು ನೋಡಿ, ಬೇಡವೇ ಬೇಡ ಅಂದ. ರೊಟ್ಟಿ ತಿನ್ನುವಾಗ, ಒಂದು ತೋಳ ಇರುವಾಗ ಇನ್ನೆರಡು ಬಂದರೆ ಮೂರು ಪಾಲು ಕೊಡಬೇಕಾಗುತ್ತದಲ್ಲ ಅಂದ. ಅವನ ಹೆಂಡತಿ, ನೀವು ಮೊದಲು ಒಬ್ಬರೇ ಆಗಿ ಮಾತಾಡಿ ಅಂದಳು.

ಮಾಳವ್ವ ಏನೆಂದಳು? ಅವಳ ತಲೆಯೊಳಗೂ ಜಾತ್ರೆ ನಡೆದಿತ್ತು. ತೋಳ ಇಲ್ಲದ್ದರಿಂದ ಅವಳ ಹಿಂಡು ಹುಟ್ಟಿತು, ಸರಿ. ಆದರೆ ಈಗ ಕೆಮ್ಮಿನ ಬೇನೆ ಬಂದಿತ್ತು. ಬೇನೆ ಬಂದ ಕುರಿ ಹಿಂಡಿನ ಹಿಂದೆ ಕಾಲೆಳೆಯುತ್ತ ಬಂದು, ಹಟ್ಟಿ ಸೇರಿ, ಒಳ್ಳೆಯದರ ಮೈಗೆ ಒರಗುತ್ತಿತ್ತು. ಹಿಂದೆ ಬಿದ್ದದ್ದನ್ನು ತೋಳ ಒಯ್ಯುತ್ತದೆ, ಮುಂದಿನದು ಉಳಿಯುತ್ತದೆ ಅಂತ ಹಳಬರು ಹೇಳುತ್ತಿದ್ದರು. ಮೇಯಿಸಲು ಹೋದರೆ ಹುಲ್ಲೂ ಇಲ್ಲ. ತೋಳ ಇಲ್ಲದೆ ಬದುಕಿದವಳು ತೋಳ ಇಲ್ಲದೆ ಸಾಯುತ್ತಿದ್ದೇನೆಯೇ? ತೋಳ ಬಂದು ಎಲ್ಲವನ್ನೂ ತಿಂದರೆ? ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಅವಳಿಗೆ ಯಾವುದು ದರಿ, ಯಾವುದು ಪುಲಿ ಅನ್ನುವುದೇ ತಿಳಿಯಲಿಲ್ಲ.

ಅರಸನ ಕಡೆಯವನಿಗೆ ಸಾಕಾಗಿತ್ತು. ಮೂರನೆಯ ಮಾತು ಹೇಳಿದ. ಈ ಊರಿನಲ್ಲಿ ತೋಳ ಇದೆ ಅಂತ ನಂಬಿಕಸ್ಥರು ಒಬ್ಬರು ದೇವರ ಭಂಡಾರ ಮುಟ್ಟಿ ಹೇಳಲಿ. ಹೇಳಿದರೆ ತಾನು ಹೊರಟುಹೋಗುತ್ತೇನೆ, ಮತ್ತೆ ಬರುವುದಿಲ್ಲ ಅಂದ.

ಊರು ಒಂದೇ ಬಾಯಿಯಲ್ಲಿ, ಮಾಳಕ್ಕ ಹೇಳಲಿ ಅಂದಿತು. ಆ ಎರಡು ದಿನದಲ್ಲಿ ಊರು ಒಂದೇ ಬಾಯಿಯಲ್ಲಿ ಆಡಿದ ಮಾತು ಅದೊಂದೇ.

ಗುಡಿಯಿಂದ ಭಂಡಾರದ ತಟ್ಟೆ ಬಂತು. ತಟ್ಟೆಯ ತುಂಬ ಅರಿಶಿನ. ಸುಳ್ಳು ಹೇಳಿ ಮುಟ್ಟಿದರೆ ಹಿಂಡು ಉಳಿಯುತ್ತದೆ, ದೇವರು ಉಳಿಯುವುದಿಲ್ಲ. ನಿಜ ಹೇಳಿದರೆ ದೇವರು ಉಳಿಯುತ್ತಾನೆ, ತಾನು ಕಟ್ಟಿದ ಹಟ್ಟಿ, ತನ್ನ ಹೆಸರು ಎರಡೂ ಹೋಗುತ್ತವೆ. ಮಾಳವ್ವನ ಕೈ ಅರ್ಧಕ್ಕೆ ನಿಂತಿತು. ಆಮೇಲೆ ಹಿಂದಕ್ಕೆ ಬಂತು.

“ಹಗ್ಗ ಬಿಚ್ಚಿದಾಕಿ ನಾನು,” ಅಂದಳು.

ಎಲ್ಲರಿಗೂ ತಿಳಿಯಿತು ಅಂದುಕೊಂಡಿರಾ? ಇಲ್ಲ. ಒಬ್ಬ ತಾಯಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಒಬ್ಬ ಮುದುಕಿ ಕೈಮುಗಿದಳು.

ಜಕ್ಕಪ್ಪ ಮೆಲ್ಲಗೆ, “ಆಕಿ ಹಲ್ಲು ನೋಡಿ ನನಗ ಮೊದಲಿಂದ ಅನುಮಾನ ಇತ್ತು,” ಅಂದ.

“ನಾ ತೋಳ ಅಲ್ಲೋ ಜಕ್ಕ. ತೋಳ ಇಲ್ಲ ಅಂತ ಹೇಳಾಕತ್ತೀನಿ. ಮರಿ ಒಯ್ದಾಕಿ ನಾನು. ತಿಂದಿಲ್ಲ, ಸಾಕೀನಿ.”

“ತೋಳ ಇಲ್ಲಂದ್ರ ನಾವು ಇಷ್ಟು ವರ್ಷ ಕೊಟ್ಟದ್ದು ಯಾರಿಗೆ?” ಅಂದ ಗೌಡ.

“ತೋಳಕ್ಕ.”

“ಇಲ್ಲದ ತೋಳಕ್ಕ?”

“ಹೌದು.”

ಗೌಡ ಪೇಟ ತೆಗೆದು ತಲೆ ಕೆರೆದುಕೊಂಡ. ಜಕ್ಕಪ್ಪನಿಗೆ ಮಾತ್ರ ಒಂದು ವಿಷಯ ಬೇಗ ಹೊಳೆಯಿತು. ಹಾಗಾದರೆ ಆ ಕುರಿಗಳು ಊರಿನವು, ಹಂಚಿಕೊಳ್ಳೋಣ ಅಂದ. ಕೆಲವರು ಆಗಲೇ ಎದ್ದು ನಿಂತರು. ಮೂಲೆಯಲ್ಲಿ ಹಾಲಪ್ಪಜ್ಜ ಎಲೆ ಅಡಿಕೆ ಉಗುಳಿದ. ಕೊಟ್ಟದ್ದನ್ನು ನೆನೆಯಲೂ ಬಾರದು ಅನ್ನುವ ಊರಿನಲ್ಲಿ ಕೊಟ್ಟದ್ದನ್ನು ಹಂಚಿಕೊಳ್ಳುವುದು ಯಾವಾಗ ಶುರುವಾಯಿತು ಅಂತ ಕೇಳಿದ. ಎದ್ದವರು ಕೂತರು. ಅಜ್ಜನ ಅರಳುಮರಳು ಅವತ್ತು ಎಲ್ಲಿ ಹೋಗಿತ್ತೋ.

ಊರಿನವಲ್ಲ ಅಂದ ಮೇಲೆ ಯಾರವು? ತೋಳದವು. ತೋಳದ್ದಾದರೆ ಮಾಳವ್ವ ಯಾರು? ಎಲ್ಲರೂ ಅವಳನ್ನು ನೋಡಿದರು. ಕುರಿ ಕಾಯಲು ತೋಳವನ್ನು ಇಟ್ಟರು ಅನ್ನುವ ಗಾದೆ ನೀವು ಕೇಳಿದ್ದೀರಿ. ತೋಳದ ಕುರಿ ಕಾಯ್ದವಳನ್ನು ಕೇಳಿದ್ದೀರಾ?

ಮಾಳವ್ವ ಎದ್ದು ನಿಂತಳು. ಬಗ್ಗಿದ್ದ ತಲೆ ಎತ್ತಿದಳು.

“ಪುಕ್ಕಟೆ ಯಾರ ಕುರಿನೂ ನಾ ಕಾಯ್ದಿಲ್ಲ. ಪರರ ಹಿಂಡು ಪಾಲಿಗೆ ಕಾಯ್ದರ ಅರ್ಧ ಕಾಯ್ದವರದು. ಇದು ನಿಮ್ಮದ ಪದ್ಧತಿ. ಅರ್ಧ ನನ್ನವು, ಒಂದು ಮರಿನೂ ಬಿಡೂದಿಲ್ಲ. ಉಳಿದರ್ಧದ ಒಡೆಯನ್ನ ಕರಕೊಂಡು ಬರ್ರಿ. ಕಾಯ್ದು ಕಾಯ್ದು ನನಗೂ ಸಾಕಾಗೈತಿ.”

ಗೌಡ ಯೋಚಿಸಿದ. ಊರು ಯೋಚಿಸಿತು. ಎಲ್ಲೋ ಏನೋ ತಪ್ಪಿದೆ ಅನ್ನಿಸಿತು, ಎಲ್ಲಿ ಅಂತ ತಿಳಿಯಲಿಲ್ಲ. ಪದ್ಧತಿಯಂತೂ ತಪ್ಪಿರಲಿಲ್ಲ. ಒಡೆಯನಿಲ್ಲದ ಹಿಂಡು ಊರಿಗೆ ಒಳ್ಳೆಯದಲ್ಲ, ಒಡೆಯನನ್ನು ತರಿಸಿ ಅಂತ ಗೌಡ ಅರಸನ ಕಡೆಯವನಿಗೆ ಹೇಳಿದ. ಆತ ಇನ್ನೊಂದು ತಂಬಿಗೆ ನೀರು ಕುಡಿದು ಹೊರಟ. ಅರಸನ ಮುಂದೆ ಇದನ್ನು ಹೇಗೆ ಹೇಳಿದನೋ, ನನಗೆ ಗೊತ್ತಿಲ್ಲ.

ಬಂಡಿಯ ಮೇಲೆ ಬೋನಿನಲ್ಲಿ ತೋಳಗಳು ಬಂದವು. ಒಂದು ಗಂಡು, ಒಂದು ಹೆಣ್ಣು. ಪಟ್ಟೆ ಇರಲಿಲ್ಲ, ಜಡೆ ಇರಲಿಲ್ಲ. ಊರಿಗೆ ಬೇಜಾರಾಯಿತು. ಇಷ್ಟಕ್ಕೇ ಇಷ್ಟು ಜಗಳವೇ ಅಂದರು. ಬೋನು ತೆರೆದರು. ಅವು ಯಾರ ಕಡೆಗೂ ನೋಡದೆ, ಹುಲ್ಲಿನೊಳಗೆ ಹುಲ್ಲಿನ ಬಣ್ಣವಾಗಿ ಹೋದವು.

ಮರಿ ಕಟ್ಟುವ ಹೊತ್ತು ಬಂತು. ಆ ವರ್ಷದ ಸರದಿ ಮಾಳವ್ವನದು. ತೋಳದ ಅರ್ಧದಿಂದಲೇ ಒಂದು ಮರಿ ಹಿಡಿ ಅಂದರು ಊರವರು. ಅವಳು ಕೇಳಲಿಲ್ಲ. ತನ್ನ ಅರ್ಧದಿಂದ, ಕೈಯಲ್ಲಿ ಹಾಲು ಕುಡಿಸಿ ಸಾಕಿದ ಮರಿಯೊಂದನ್ನು ಎತ್ತಿಕೊಂಡು ಬಂದಳು. ಇಷ್ಟು ವರ್ಷ ಬಿಚ್ಚಿದ ಕೈಯಿಂದಲೇ ಕಟ್ಟಿದಳು. ನಿನ್ನ ಪಾಲು ನಿನಗೆ, ನಮ್ಮ ಪಾಲು ನಮಗೆ ಅಂದಳು. ಬೆನ್ನು ತಿರುಗಿಸಿ ನಡೆದಳು.

ಮರಿ ಕೂಗಿತು. ಅವಳ ಕಾಲುಗಳು ನಿಂತವು. ಮತ್ತೆ ನಡೆದಳು.

ಮರಿ ಮತ್ತೆ ಕೂಗಿತು. ಅವಳ ಕುತ್ತಿಗೆ ತಿರುಗಲು ನೋಡಿತು. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಡೆದಳು.

ಮೂರನೆಯ ಸಲ ಮರಿ ಕೂಗಲಿಲ್ಲ.

ಬೆಳಗಾಗಿ ಊರು ದಿನ್ನೆಗೆ ಹೋಯಿತು. ಹಗ್ಗ ಹರಿದು ಎರಡು ತುಂಡಾಗಿ ಮಣ್ಣಿನಲ್ಲಿ ಬಿದ್ದಿತ್ತು. ಸುತ್ತ ತುಪ್ಪಳ ಹಾರುತ್ತಿತ್ತು. ಹಾಲಪ್ಪಜ್ಜ ಒಂದು ಎಳೆ ಎತ್ತಿ ಮೂಸಿ, ಹೌದು, ಇದೇ ಅಂದ. ಊರು ಸಿಟ್ಟಾಯಿತು. ಇದೆಂಥ ತೋಳ, ಹಗ್ಗ ಹರಿಯುತ್ತದೆ, ರಾಡಿ ಮಾಡುತ್ತದೆ, ಮರ್ಯಾದೆ ಗೊತ್ತಿಲ್ಲ ಅಂದರು.

“ನಮ್ಮ ಹಳೇ ತೋಳನ ಚಲೋ ಇತ್ತು,” ಅಂದ ಜಕ್ಕಪ್ಪ, ಮಾಳವ್ವನ ಪಕ್ಕದಲ್ಲೇ ನಿಂತು.

ಮಾಳವ್ವ ನಕ್ಕಳೋ ಅತ್ತಳೋ, ನೋಡಿದವರಿಗೆ ತಿಳಿಯಲಿಲ್ಲ. ಬಗ್ಗಿ ಎರಡೂ ತುಂಡು ಎತ್ತಿಕೊಂಡಳು, ಧೂಳು ಕೊಡವಿದಳು, ಸೇರಿಸಿ ಗಂಟು ಹಾಕಿದಳು. ಸುರುಳಿ ಸುತ್ತಿ ಕೊಂಬೆಗೆ ತಗಲಿಸಿದಳು.

ಅಲ್ಲಿಗೆ ನನ್ನ ಕಥೆಗೂ ಗಂಟು ಬಿತ್ತು. ನಾನೂ ಅದನ್ನು ಸುತ್ತಿ ಕೊಂಬೆಗೆ ಹಾಕಿದ್ದೇನೆ. ಬಿಚ್ಚಲು ಬರುವವರು ಬಿಚ್ಚಿಕೊಳ್ಳಿ, ಬಾರದವರು ಹರಿದುಕೊಳ್ಳಿ. ಮನೆಗೆ ಹೋಗುವಾಗ ಮಾತ್ರ ಹಿಂದಿರುಗಿ ನೋಡಬೇಡಿ.