ಆ ಹದಿನಾಲ್ಕು ದಿನ ನಂದು

ಕೊರಿಯಾದ ಜೊಂಜು ಊರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ಹೆಂಗಸು ದಪ್ಪ ಕಡತವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕರಿದ ಕೋಳಿಯ ಕಂಪನಿಯೊಂದರ ಫ್ರಾಂಚೈಸಿ ಮಾರುವ ಟೈ ಕಟ್ಟಿದ ಮ್ಯಾನೇಜರ್ ಆಕೆಯತ್ತ ಪೆನ್ನು ಚಾಚಿದ್ದ. ನಾನು ಪೇಪರನ್ನು ಮುಖಕ್ಕೆ ಹಿಡಿದು ಕಿವಿಯನ್ನು ಅತ್ತ ಕೊಟ್ಟೆ.

"ಓನರಮ್ಮಾ, ಕಂಪನಿ ವಿವರದ ಕಡತ ಕೈಗೆ ಬಂತು ಅಂತ ಇಲ್ಲಿ ಬರೀರಿ. ತಾರೀಖು ಮಾತ್ರ ಎರಡು ವಾರ ಹಿಂದಿಂದು ಹಾಕಿ."

"ಓನರಮ್ಮ ಅಂತೆ! ಕೂಸು ಹುಟ್ಟೋಕೆ ಮುಂಚೆ ಕುಲಾವಿ. ತಾಕ್ ಅವರೇ, ನೀವು ಇದನ್ನ ಕೊಟ್ಟಿದ್ದು ಈಗ ತಾನೇ?"

"ಕೊಟ್ಟು ಹದಿನಾಲ್ಕು ದಿನ ಆಗೋವರೆಗೂ ಒಪ್ಪಂದ ಮಾಡ್ಕೋಬಾರ್ದು ಅಂತ ಕಾನೂನು. ಅಷ್ಟರಲ್ಲಿ ನೀವು ಅಂಗಡಿಗೆ ನೋಡಿರೋ ಜಾಗ ಬೇರೆಯವರ ಪಾಲಾಗುತ್ತೆ. ಎಲ್ಲರೂ ಹೀಗೇ ಬರೀತಾರೆ."

"ಎರಡು ವಾರದ ಹಿಂದೆ ನಮ್ಮ ಓಣಿಯವರೆಲ್ಲ ಸೇರಿ ಚಳಿಗಾಲಕ್ಕೆ ಕೋಸಿನ ಕಿಮ್ಚಿ ಉಪ್ಪಿನಕಾಯಿ ಹಾಕ್ತಿದ್ವಿ. ನನ್ನ ಕೈಗೆ ಮೊಣಕೈವರೆಗೂ ಖಾರ. ಪೆನ್ನು ಕಾಲಲ್ಲಿ ಹಿಡಿದಿದ್ನಾ?"

"ಅದನ್ನೆಲ್ಲ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ. ಆ ಹದಿನಾಲ್ಕು ದಿನ ನಂದು. ಸರ್ಕಾರ ಕೊಟ್ಟಿದ್ದು ನನಗೆ, ನಿಮ್ಮ ಕಂಪನಿಗಲ್ಲ."

ಆಕೆ ಇವತ್ತಿನ ತಾರೀಖನ್ನೇ ದಪ್ಪಗೆ ಬರೆದು ಹಾಳೆಯನ್ನು ಅವನ ಕೈಗಿಟ್ಟಳು. ಅಷ್ಟರಲ್ಲಿ ಗುನ್ಸಾನ್ ಊರಿನ ಬಸ್ಸು ಬಂತು, ಆಕೆ ಎದ್ದಳು.

"ಗುನ್ಸಾನಲ್ಲಿ ನೆಂಟರಾ?"

"ನಿಮ್ಮ ಅಂಗಡಿ. ಕಾನೂನಿನ ಪ್ರಕಾರ ಹತ್ತು ಅಂಗಡಿ ವಿಳಾಸ ನೀವೇ ಕೊಟ್ಟಿದ್ದೀರಲ್ಲ. ದಿನಕ್ಕೊಂದು ಕಡೆ ಹೋಗಿ ಕೋಳಿ ತಿಂತೀನಿ."

"ಎಲ್ಲಾ ಕಡೆ ಒಂದೇ ರುಚಿ, ಓನರಮ್ಮಾ."

"ರುಚಿ ನೋಡೋಕಲ್ಲ," ಎಂದು ಆಕೆ ಬಸ್ಸು ಹತ್ತಿದಳು. "ಅಲ್ಲಿ ಕೋಳಿ ಕರಿಯೋ ಓನರುಗಳ ಮುಖ ನೋಡೋಕೆ."