ಹಂಚು ಕೂರುವ ಒಲೆ

ತೊಂಬತ್ತಾರರ ಆಗಸ್ಟ್. ಸೊರಬದ ಬಸ್ ನಿಲ್ದಾಣದಲ್ಲಿ ನನ್ನ ಹಿಂದಿನ ಬೆಂಚಿನ ಮೇಲೆ ತಾಯಿ ಮಗಳು ಕೂತು ಶಿವಮೊಗ್ಗದ ಬಸ್ಸು ಕಾಯುತ್ತಿದ್ದರು. ಮಗಳು ಎಂ.ಟೆಕ್ ಸೇರಲು ಹೊರಟಿದ್ದಳು.

“ಲತಾ, ಹೆಣ್ಣು ನೋಡಕ್ಕೆ ಬರೋರು ಕೇಳಿದ್ರೆ ಕರೆಂಟಿನ ಓದು ಅಂತ ಹೇಳ್ಲಾ?”

“ಬ್ಯಾಡವ್ವ. ಒಲೆ, ಗೋಬರ್ ಗ್ಯಾಸು, ಬಿಸಿಲಿನ ಶಾಖ, ಇದ್ರ ಓದು ಅಂತ ಇದ್ದದ್ದನ್ನೇ ಹೇಳು.”

“ಒಲೆ ಮುಂದೆ ಕೂರೋದು ತಪ್ಲಿ ಅಂತ ನಿನ್ನ ಇಂಜಿನಿಯರಿಂಗ್ ಓದ್ಸಿದ್ದು. ಈಗ ಒಲೇನೇ ಓದ್ತೀನಿ ಅಂತೀಯಲ್ಲೇ.”

“ನಂಗೇನೋ ತಪ್ತು. ನಿಂಗೆ ತಪ್ಪಿಲ್ವಲ್ಲ.”

ತಾಯಿ ಕೆಮ್ಮಿದರು. ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

“ಸರ್ಕಾರದೋರು ಹೊಗೆ ಬರದ ಒಲೆ ಅಂತ ಹಾಕ್ಕೊಟ್ಟು ಹೋದ್ರಲ್ಲ, ಅದೂ ಓದಿದೋರು ಮಾಡಿದ್ದೇ.”

“ಅದನ್ನ ನೀನೇ ಒಡೆದು ಹಾಕಿದ್ಯಲ್ಲ.”

“ರೊಟ್ಟಿ ಹಂಚು ಅದ್ರ ಮೇಲೆ ಕೂರ್ತಿರ್ಲಿಲ್ಲ ಕಣೇ. ಇನ್ನೇನ್ ಮಾಡ್ಲಿ.”

“ಹಂಚು ಕೂರೋ ಅಂಥದ್ದು ನಾನು ಮಾಡ್ತೀನಿ.”

“ಅದೂ ಕೂರ್ಲಿಲ್ಲ ಅಂದ್ರೆ?”

“ಅದನ್ನೂ ಒಡಿ. ಇನ್ನೊಂದು ಮಾಡ್ತೀನಿ.”

ಬಸ್ಸು ಬಂತು. ತಾಯಿ ಟ್ರಂಕಿನ ಒಂದು ಬದಿ ಹಿಡಿದು ಎತ್ತಲು ನೋಡಿದರು.

“ಏನೇ ಇದು, ಇಷ್ಟು ಭಾರ?”

ಮಗಳು ಟ್ರಂಕು ಹತ್ತಿಸಿ, ಕಿಟಕಿಯ ಪಕ್ಕ ಕೂತಳು. ತಾಯಿ ಆ ಕಿಟಕಿಯ ಕೆಳಗೆ ಬಂದು ನಿಂತರು.

“ಹಂಚಿನ ಅಳತೆನಾದ್ರೂ ತಗಂಡಿದೀಯೇನೇ?”

“ಹಂಚೇ ತಗಂಡಿದೀನಿ. ಟ್ರಂಕಲ್ಲಿದೆ.”

“ಅಯ್ಯೋ ಮಾರಾಯ್ತಿ, ರಾತ್ರಿ ನಾನು ರೊಟ್ಟಿ ಯಾತ್ರ ಮೇಲೆ ಸುಡ್ಲಿ?”

ಬಸ್ಸು ಆಗಲೇ ಹೊರಟಿತ್ತು. ತಾಯಿ ಸೆರಗು ಬಿಗಿದುಕೊಂಡು, ಹೊಸ ಹಂಚು ತರಲು ಪೇಟೆಯ ಕಡೆ ನಡೆದರು.